ಬಸವಂತಪ್ಪ ಬರೆದುಕೊಟ್ಟ ದಾರಿ

ಗುಡ್ ಫ್ರೈಡೇ ಮಧ್ಯಾಹ್ನ ಮೂರು ಗಂಟೆಗೆ, ಗ್ರೀನ್‌ಫರ್ಡ್‌ನ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ಬಸವಂತಪ್ಪನವರ ಫೋನಿಗೆ ಒಂದು ಫೋಟೋ ಬಂತು. ಮೋಟರ್‌ವೇ ಪಕ್ಕದ ಒಂದು ಕಾರ್ ಪಾರ್ಕು, ಎರಡು ಮಿನಿಬಸ್ಸು, ಪೇಪರ್ ಪ್ಲೇಟಿನಲ್ಲಿ ಪುಳಿಯೋಗರೆ ತಿನ್ನುತ್ತಿರುವ ಇಪ್ಪತ್ತೆರಡು ಮಂದಿ. ಎಲ್ಲ ಕನ್ನಡ ಬಳಗದ ಪರಿಚಯದ ಮುಖಗಳೇ. ಕೆಳಗೆ ಹೌನ್ಸ್ಲೋದ ಮಧುಸೂದನ್ ಬರೆದಿದ್ದ: "ಬಸವಂತಪ್ಪ ಅಂಕಲ್‌ಗೆ ಸರ್‌ಪ್ರೈಸ್! ನೀವು ಬರೆದ ದಾರೀಲೇ ಸ್ಕಾಟ್‌ಲ್ಯಾಂಡ್‌ಗೆ ಹೊರಟಿದ್ದೀವಿ. ನಾಳೆ ಬೆಳಗಿನ ಜಾವ ನಿಮ್ಮ ಕರಿ ಹುಂಜದ ದರ್ಶನ. ಥ್ಯಾಂಕ್ಯೂ ಅಂಕಲ್!"

ಬಸವಂತಪ್ಪ ಅದನ್ನು ಎರಡು ಸಲ ಓದಿದರು. ಕಪ್ಪು ಕೆಳಗಿಡಲು ಹೋಗಿ ಚಹಾವನ್ನು ಮೇಜಿನ ಮೇಲೆಲ್ಲ ಚೆಲ್ಲಿದರು. ಒರೆಸಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ.

"ಏನಾತ್ರೀ?" ಎಂದು ಹೆಂಡತಿ ರತ್ನಾಬಾಯಿ ಬಟ್ಟೆ ಹಿಡಿದುಕೊಂಡು ಬಂದರು.

"ನಾ ಕೆಟ್ಟೆ, ರತ್ನಾ. ಹಕ್ಕಿನೂ ಕೆಡಿಸಿದೆ."

ಬಸವಂತಪ್ಪ ವಿಜಯಪುರದ ಕಡೆಯವರು, ವಯಸ್ಸು ಐವತ್ತೊಂಬತ್ತು. ಪಾರ್ಕ್ ರಾಯಲ್‌ನ ಕೋಲ್ಡ್ ಸ್ಟೋರ್‌ಗಳಲ್ಲಿ ಕೆಟ್ಟ ಕಂಪ್ರೆಸರ್ ರಿಪೇರಿ ಮಾಡುವುದು ಅವರ ಕೆಲಸ. ಹನ್ನೆರಡು ವರ್ಷದ ಹಿಂದೆ ಕಂಪನಿಯವರು ಸ್ಕಾಟ್‌ಲ್ಯಾಂಡಿನ ಒಂದು ಮಾಂಸದ ಗೋದಾಮಿನ ಫ್ರೀಜರ್ ನೋಡಿ ಬಾ ಎಂದು ಕಳಿಸಿದ್ದರು. ಬೇಕಾದ ಬಿಡಿಭಾಗ ಬರುವುದು ಎರಡು ದಿನ ತಡವಾಯಿತು. ಬೇಸರಕ್ಕೆ ಹಿಂದಿನ ಕಾಡಿನಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಲು ಹೋದಾಗ ಹಿಮ ಹೊತ್ತ ಪೈನ್ ಕೊಂಬೆಯ ಮೇಲೆ ಬೆರಳುದ್ದದ ಒಂದು ಜುಟ್ಟಿನ ಹಕ್ಕಿ ಬಂದು ಕೂತಿತು. ಅಷ್ಟು ಚಳಿಯಲ್ಲಿ ಅಷ್ಟು ಸಣ್ಣ ಜೀವ ಹೇಗೆ ಉಳಿಯುತ್ತದೆ ಎಂದು ತಂಪು ಮಾಡುವ ಕೆಲಸದ ಈ ಮನುಷ್ಯನಿಗೆ ಆಶ್ಚರ್ಯವೋ ಆಶ್ಚರ್ಯ. ಅಂದು ಹಿಡಿದ ಹುಚ್ಚು ಮತ್ತೆ ಬಿಡಲಿಲ್ಲ.

ಆಮೇಲೆ ವರ್ಷಕ್ಕೆ ನಾಲ್ಕು ಸಲ, ಇದ್ದಬದ್ದ ರಜೆಯೆಲ್ಲ ಆ ಬೆಟ್ಟದ ಕಾಡಿಗೇ ಹೋಯಿತು. ಜನವರಿಯಲ್ಲಿ ಮೇಲಿನ ಬೋಳು ಬೆಟ್ಟದ ಕೋಳಿ ಹಿಮದಷ್ಟೇ ಬೆಳ್ಳಗಾಗಿರುತ್ತದೆ. ಜೂನ್‌ನಲ್ಲಿ ಹೋದರೆ ಅದೇ ಕೋಳಿ ಕಲ್ಲಿನ ಬಣ್ಣಕ್ಕೆ ತಿರುಗಿ ಕಾಲಡಿಯಿಂದ ಎದ್ದು ಹೆದರಿಸುತ್ತದೆ. ಅಕ್ಟೋಬರ್‌ನಲ್ಲಿ ನಾರ್ವೆ ಕಡೆಯಿಂದ ಸಮುದ್ರ ದಾಟಿ ಬಂದ ಹಕ್ಕಿಗಳ ಗುಂಪುಗಳು ರೋವನ್ ಮರದ ಕೆಂಪು ಹಣ್ಣಿಗೆ ಮುಗಿಬೀಳುತ್ತವೆ. ಏಪ್ರಿಲ್ ಮಾತ್ರ ಕ್ಯಾಪರ್‌ಕೇಲಿಯ ತಿಂಗಳು. ಅದು ಟರ್ಕಿ ಕೋಳಿಯಷ್ಟು ದೊಡ್ಡ ಕಾಡುಕೋಳಿ. ಕಪ್ಪು ಹುಂಜಗಳು ಕಾಡಿನ ಒಂದು ಬಯಲಿಗೆ ನಸುಕಿನಲ್ಲಿ ಬಂದು, ಬಾಲ ಬಿಚ್ಚಿ, ಕತ್ತು ನೆಟ್ಟಗೆ ಮಾಡಿ, ಬಾಟಲಿಯ ಬಿರಡೆ ಕಿತ್ತಂತೆ ಸದ್ದು ಮಾಡುತ್ತ ಕುಣಿಯುತ್ತವೆ. ಕಂದು ಬಣ್ಣದ ಹೇಂಟೆಗಳು ಬಂದು ನೋಡಿ ಗಂಡನ್ನು ಆರಿಸಿಕೊಳ್ಳುತ್ತವೆ.

ಆದರೆ ಹೇಂಟೆಗಳು ಬರುವುದು ಇಡೀ ವರ್ಷದಲ್ಲಿ ನಾಲ್ಕಾರು ಬೆಳಗು ಮಾತ್ರ. ಆಗ ಒಬ್ಬ ಮನುಷ್ಯ ಕಂಡರೂ ಹಾರಿಹೋಗುತ್ತವೆ, ಆ ವರ್ಷ ಆ ಬಯಲಿಗೆ ಮರಿಯಿಲ್ಲ. ಇಡೀ ಬ್ರಿಟನ್ನಿನಲ್ಲಿ ಈ ಹಕ್ಕಿ ಉಳಿದಿರುವುದೇ ಐನೂರರ ಆಸುಪಾಸು. ಬಸವಂತಪ್ಪ ಕಾಯುವ ಬಯಲಿನಲ್ಲಿ ಹೋದ ವರ್ಷ ಎರಡೇ ಹೇಂಟೆ ಬಂದಿದ್ದವು, ಒಂದು ಮರಿಯೂ ಬದುಕಲಿಲ್ಲ. ಬಸವಂತಪ್ಪನವರಂಥ ಹಕ್ಕಿ ಎಣಿಸುವ ಸ್ವಯಂಸೇವಕರು ಸರದಿಯ ಮೇಲೆ ಹಿಂದಿನ ಸಂಜೆಯೇ ಅಲ್ಲಿನ ಪುಟ್ಟ ಗುಡಾರ ಹೊಕ್ಕು, ಹಕ್ಕಿಗಳು ತಾವಾಗಿ ಎದ್ದು ಹೋಗುವವರೆಗೆ ಕೆಮ್ಮನ್ನೂ ನುಂಗಿಕೊಂಡು ಕೂರುತ್ತಾರೆ. ಅಂಥಲ್ಲಿಗೆ ಈಗ ಇಪ್ಪತ್ತೆರಡು ಮಂದಿ ಪುಳಿಯೋಗರೆ ಕಟ್ಟಿಕೊಂಡು ಹೊರಟಿದ್ದರು.

ಆ ಜಾಗ ಗೊತ್ತಿದ್ದದ್ದು ಐದೇ ಜನಕ್ಕೆ. ಎಲ್ಲಿದೆಯೆಂದು ಎಲ್ಲಿಯೂ ಬರೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಬಸವಂತಪ್ಪ ಕಾಗದಕ್ಕೆ ಸಹಿ ಹಾಕಿದ್ದರು. ಅದನ್ನು ಅವರು ಚಾಚೂ ತಪ್ಪದೆ ಪಾಲಿಸಿದರು, ಇಂಗ್ಲಿಷಿನಲ್ಲಿ! ಅವರ ಹಕ್ಕಿಯ ನೋಟ್‌ಬುಕ್ಕು ಪೂರ್ತಿ ಕನ್ನಡ. ಅದನ್ನು ನೋಡಿ ಕಾಡಿನ ವಾರ್ಡನ್ ಐಲ್ಸಾ, "ಸ್ಕಾಟ್‌ಲ್ಯಾಂಡಿನಲ್ಲೇ ಭದ್ರವಾದ ನೋಟ್‌ಬುಕ್ಕು ನಿನ್ನದು, ಕಳ್ಳನ ಕೈಗೆ ಸಿಕ್ಕರೂ ಚಿಂತೆಯಿಲ್ಲ" ಎಂದು ನಕ್ಕಿದ್ದಳು. ಆ ಮಾತು ಇವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಕನ್ನಡದಲ್ಲಿ ಬರೆದದ್ದು ಗುಟ್ಟಾಗಿಯೇ ಇರುತ್ತದೆಂಬ ನಂಬಿಕೆ. ಪರದೇಶದಲ್ಲಿ ಬಸ್ಸಿನಲ್ಲಿ ಕೂತು ಎದುರಿನವರ ಬಗ್ಗೆಯೇ ಕನ್ನಡದಲ್ಲಿ ಮಾತಾಡಿಕೊಂಡವರಿಗೆಲ್ಲ ಈ ನಂಬಿಕೆಯ ಸುಖ ಗೊತ್ತು.

ಹೀಗಿರುವಾಗ ಬಳಗದ ವಾಟ್ಸಾಪ್ ಗುಂಪಿನವರು ಜನವರಿಯಲ್ಲಿ, "ನಿಮ್ಮ ಹವ್ಯಾಸದ ಬಗ್ಗೆ ಕಂತು ಕಂತಾಗಿ ಬರೀರಿ" ಎಂದರು. ಬಸವಂತಪ್ಪನವರಿಗೆ ಹಿಗ್ಗೋ ಹಿಗ್ಗು. ನಾಲ್ಕನೆಯ ಕಂತಿನಲ್ಲಿ ಕ್ಯಾಪರ್‌ಕೇಲಿ ಬಂತು. ದಾರಿ ಹೇಳದೆ ಅವರಿಗೆ ಯಾವ ಕತೆಯೂ ಹೇಳಲು ಬರುತ್ತಿರಲಿಲ್ಲ. ಕೆರೆಯ ಹೆಸರು ಬರೆದರು. ಕೆರೆ ದಾಟಿದ ಮೇಲೆ ಎಡಕ್ಕೆ ಕಬ್ಬಿಣದ ಗೇಟು, ಅಲ್ಲಿಂದ ನಾನೂರು ಹೆಜ್ಜೆ, ಸಿಡಿಲು ಬಡಿದ ಪೈನ್ ಮರದ ಬಲಕ್ಕೆ ಬಯಲು. ಇನ್ನೂರ ನಲವತ್ತು ಮಂದಿಗೆ ಓದಲು ಬರುವ ಭಾಷೆಯಲ್ಲಿ ಬರೆದು, ಯಾರಿಗೂ ಹೇಳಿಲ್ಲ ಎಂದುಕೊಂಡು ನೆಮ್ಮದಿಯಾಗಿ ಮಲಗಿದ್ದ ಭೂಪ!

ಈಗ ಅವರು ಆ ಕಂತನ್ನು ಹುಡುಕಿ ತೆಗೆದು ಅಳಿಸಲು ನೋಡಿದರು. ಹಳೆಯದಾಗಿತ್ತು, ನಿನ್ನ ಫೋನಿನಲ್ಲಿ ಮಾತ್ರ ಅಳಿಸಬಹುದು ಎಂದಿತು ವಾಟ್ಸಾಪ್. ಮಧುಸೂದನ್‌ಗೆ ಏಳು ಸಲ ಫೋನ್ ಮಾಡಿದರು. ಗಾಡಿ ಓಡಿಸುತ್ತಿದ್ದನೋ ಏನೋ, ಎತ್ತಲಿಲ್ಲ. ಇನ್ವರ್‌ನೆಸ್‌ಗೆ ಸಂಜೆಯ ವಿಮಾನ ನೋಡಿದರು, ಹಬ್ಬದ ರಜೆ, ಒಂದು ಸೀಟೂ ಇರಲಿಲ್ಲ. ಗುಡಾರದಲ್ಲಿ ಕೂರುವ ಅವರ ಸ್ವಂತ ಸರದಿ ಇದ್ದದ್ದು ಮುಂದಿನ ಬುಧವಾರ. ಅದಕ್ಕೆಂದು ಮಡಚಿಟ್ಟ ಉಣ್ಣೆಯ ಅಂಗಿಗಳು ಸೋಫಾದ ಮೇಲೆಯೇ ಇದ್ದವು.

ಐದು ಗಂಟೆಗೆ ಮಧುಸೂದನನ ಹೆಂಡತಿ ಸ್ಪಂದನಾ ಫೋನ್ ಎತ್ತಿದಳು. ಗಾಡಿ ಪೆಟ್ರೋಲಿಗೆ ನಿಂತಿತ್ತು. ಹಿಂದೆ ಮಕ್ಕಳ ಗಲಾಟೆ. ಅವಳು ಫೋನನ್ನು ಗಂಡನಿಗೆ ಕೊಟ್ಟಳು.

"ತಮ್ಮಾ, ಕೈ ಮುಗೀತೀನಿ, ಅಲ್ಲಿಗೆ ಹೋಗಬ್ಯಾಡ್ರಿ. ಈ ವಾರದಾಗ ಹೇಂಟಿ ಬರ್ತಾವ. ಒಬ್ಬರು ಕಂಡ್ರೂ ಸಾಕು, ಈ ವರ್ಷದ ಮರಿ ಎಲ್ಲಾ ಹೋದ್ವು."

"ಅಂಕಲ್, ನಾವೇನು ಕಾಡು ಕಡಿಯೋಕೆ ಹೋಗ್ತಿದ್ದೀವಾ? ದೂರ ನಿಂತು ಹತ್ತೇ ನಿಮಿಷ. ಮಕ್ಕಳು ಎರಡು ತಿಂಗಳಿಂದ ಕಾಯ್ತಾ ಇದ್ದಾರೆ."

"ಅದು ಕಾನೂನಿನ ಪ್ರಕಾರ ಅಪರಾಧ ಐತಿ. ಪೊಲೀಸ್ ಕೇಸ್ ಆಗ್ತದ. ಆಕಾಶ್ ನಿಮ್ಮ ಜೋಡಿ ಬಂದಾನಲ್ಲ, ಆಗಸ್ಟ್‌ನಾಗ ಅವನು ಇಲ್ಲೇ ಕಾಯಂ ಇರೋದಕ್ಕ ಅರ್ಜಿ ಹಾಕಾಂವ. ಅವನ ಹೆಸರು ಕೇಸಿನಾಗ ಬಂದ್ರ?"

"ಹಕ್ಕಿ ನೋಡಿದ್ದಕ್ಕೆ ಯಾರು ಅಂಕಲ್ ಕೇಸ್ ಹಾಕ್ತಾರೆ?" ಮಧುಸೂದನ್ ನಗುತ್ತಲೇ ಇದ್ದ. ಆಮೇಲೆ ದನಿ ಸ್ವಲ್ಪ ಬಿಗಿಯಾಯಿತು. "ನೀವು ವರ್ಷಾ ವರ್ಷಾ ನೋಡಬಹುದು, ನಾವು ಒಂದು ಸಲ ನೋಡಬಾರದಾ? ಹಾಗಿದ್ರೆ ದಾರಿ ಯಾಕೆ ಬರೆದ್ರಿ?"

ಅಷ್ಟು ಹೇಳಿ ಫೋನ್ ಕಟ್ ಮಾಡಿದ. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಮತ್ತೆ ಮಾಡಿದಾಗ ಫೋನ್ ಸ್ವಿಚ್ ಆಫ್ ಆಗಿತ್ತು. ಆಕಾಶ್‌ಗೆ ಮಾಡಿದರು, ಅವನು ಎತ್ತಿದ. ಲಂಡನ್ನಿಗೆ ಬಂದ ಹೊಸತರಲ್ಲಿ ಎರಡು ವರ್ಷ ಇದೇ ಮನೆಯ ಮೇಲಿನ ಕೋಣೆಯಲ್ಲಿದ್ದು ರತ್ನಾಬಾಯಿಯ ಕೈಯ ರೊಟ್ಟಿ ಉಂಡವನು. "ಅಂಕಲ್, ನಾನು ಹೇಳಿ ನೋಡ್ತೀನಿ. ಆದ್ರೆ ಬುಕಿಂಗು, ಗಾಡಿ ಎಲ್ಲಾ ಅವರದೇ. ನನ್ನ ಮಾತು ಕೇಳ್ತಾರೋ ಇಲ್ವೋ" ಎಂದು ಪಿಸುಗುಟ್ಟಿದ.

ಇನ್ನು ಉಳಿದಿದ್ದವಳು ಐಲ್ಸಾ ಒಬ್ಬಳೇ. ಫೋನ್ ಕೈಯಲ್ಲಿ ಹಿಡಿದು ಬಸವಂತಪ್ಪ ಅಡುಗೆಮನೆಯಿಂದ ಹೊರಬಾಗಿಲಿಗೆ, ಹೊರಬಾಗಿಲಿನಿಂದ ಅಡುಗೆಮನೆಗೆ ತಿರುಗಿದರು. ರತ್ನಾಬಾಯಿ ಬಾಗಿಲಿಗೆ ಒರಗಿ ನಿಂತು ನೋಡಿದರು, ನೋಡಿದರು, ಕಡೆಗೆ ಕೇಳಿಯೇಬಿಟ್ಟರು.

"ಆಕಿಗೆ ಹೇಳಿದ್ರ ಏನಾಗ್ತದ?"

"ಗೇಟಿನಾಗ ನಿಂತು ಇವರನ್ನ ತಿರುಗಿಸಿ ಕಳಸ್ತಾಳ. ಬಯಲಿಗೆ ಕಾಲ ಇಡಲಿಲ್ಲ ಅಂದ್ರ ಕೇಸೂ ಇಲ್ಲ, ಏನೂ ಇಲ್ಲ."

"ಮತ್ಯಾಕ ತಡಾ?"

"ನನ್ನ ತಗದು ಹಾಕ್ತಾರ, ರತ್ನಾ. ನಾನ ಬರದೀನಿ ಅಂತ ಹೇಳಬೇಕಾಗ್ತದ. ಮತ್ತ ಆ ಕಾಡಿನಾಗ ನನ್ನ ಯಾರೂ ಬಿಟ್ಕೊಳ್ಳಂಗಿಲ್ಲ."

ಹೆಸರು ಹೇಳದೆ ಫೋನ್ ಮಾಡಿದರೆ ಹೇಗೆ ಎಂದೂ ಅವರು ಯೋಚಿಸದೆ ಇರಲಿಲ್ಲ. ಮನುಷ್ಯನ ಮನಸ್ಸು ಇಂಥ ಹೊತ್ತಿನಲ್ಲಿ ಎಷ್ಟು ಸಂದಿ ಹುಡುಕುತ್ತದೆ! ಆದರೆ ಆ ಕಾಡಿನಲ್ಲಿ ಅಂಥ ಬಯಲುಗಳು ಆರೇಳು, ರಾತ್ರಿ ಕಾಯುವ ವಾರ್ಡನ್‌ಗಳು ಇಬ್ಬರು. ಯಾವ ಬಯಲು ಎಂದು ಹೇಳಲೇಬೇಕು. ಹೇಳಿದರೆ ಗೊತ್ತಿದ್ದ ಐವರಲ್ಲಿ ಬಾಯಿಬಿಟ್ಟವನು ಯಾರೆಂದು ತಿಳಿಯಲು ಐಲ್ಸಾಗೆ ಒಂದು ನಿಮಿಷವೂ ಬೇಡ. ಇನ್ನೊಂದು ಆಸೆಯೂ ಒಳಗೆ ಮಿಸುಕಾಡುತ್ತಿತ್ತು: ಮಧುಸೂದನ್ ಮನಸ್ಸು ಬದಲಿಸಬಹುದು, ಮಕ್ಕಳು ನಸುಕಿಗೆ ಏಳದೆ ಇರಬಹುದು, ದಾರಿಯೇ ತಪ್ಪಬಹುದು. ಆ ಆಸೆಗೆ ಜೋತುಬಿದ್ದು ಒಂದೂವರೆ ಗಂಟೆ ಕಳೆದರು. ಆ ಒಂದೂವರೆ ಗಂಟೆಗಾಗಿ ಅವರು ಆಮೇಲೆ ತಮ್ಮನ್ನು ತಾವೇ ಬಹಳ ಹಳಿದುಕೊಂಡರು.

ಏಳಕ್ಕೆ ಹತ್ತು ನಿಮಿಷವಿದ್ದಾಗ ಗುಂಪಿನಲ್ಲಿ ಇನ್ನೊಂದು ಫೋಟೋ ಬಂತು. ಸಂಜೆ ಬಿಸಿಲು, ಕೆರೆ, ಆಚೆ ಕಬ್ಬಿಣದ ಗೇಟು. "ಜಾಗ ಸಿಕ್ತು! ಡ್ರೋನ್ ಚಾರ್ಜ್ ಆಗ್ತಿದೆ. ಬೆಳಿಗ್ಗೆ ನಾಲ್ಕೂವರೆಗೆ ಎಲ್ಲರೂ ರೆಡಿ."

ಡ್ರೋನ್ ಎಂಬ ಮಾತು ಓದಿದ್ದೇ ಬಸವಂತಪ್ಪನವರ ಉಳಿದ ಆಸೆಯೂ ಹೋಯಿತು. ಮೇಜಿನ ಮುಂದೆ ಕೂತು ಐಲ್ಸಾಳ ನಂಬರ್ ಒತ್ತಿದರು. ರತ್ನಾಬಾಯಿ ಎದುರಿನ ಕುರ್ಚಿಯಲ್ಲಿ ಕೂತರು.

ಇಂಗ್ಲಿಷಿನಲ್ಲಿ ಅವರು ಎಂದೂ ಅಷ್ಟು ಸ್ಪಷ್ಟವಾಗಿ ಮಾತಾಡಿದವರಲ್ಲ. ನಾಳೆ ನಸುಕಿಗೆ ಇಪ್ಪತ್ತೆರಡು ಜನ ಬರುತ್ತಾರೆ, ಡ್ರೋನ್ ಇದೆ ಎಂದರು. ಯಾವ ಬಯಲು ಎಂದು ಐಲ್ಸಾ ಕೇಳಿದಳು. ಹೇಳಿದರು. ಆ ಜನಕ್ಕೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಅವಳ ದನಿ ಬೇರೆಯಾಗಿತ್ತು.

"ನಾನು ಬರೆದೆ. ಕನ್ನಡದಲ್ಲಿ. ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ."

"ಅವರಿಗೆ ಓದಲು ಬರುತ್ತದಲ್ಲ, ಬಸವಂತ್?"

"ಬರುತ್ತದೆ. ಅವರು ನನ್ನ ಜನ. ಅವರ ಮೇಲೆ ಕೇಸು ಮಾಡಬೇಡ, ಗೇಟಿನಲ್ಲೇ ತಡೆದು ಕಳಿಸು. ತಪ್ಪು ನನ್ನದು."

ಐಲ್ಸಾ ಫೋನ್ ಇಟ್ಟಳು.

ಶನಿವಾರ ಬೆಳಿಗ್ಗೆ ಆರೂವರೆಗೆ ಮೊದಲು ಬಂದದ್ದು ಮಧುಸೂದನನ ಸಂದೇಶ, ಗುಂಪಿನಲ್ಲಿಯೇ, ಎಲ್ಲರೂ ಓದುವಂತೆ. ಗೇಟಿನಲ್ಲಿ ವಾರ್ಡನ್ ಟಾರ್ಚು ಹಿಡಿದು ನಿಂತಿದ್ದ, ಮಕ್ಕಳ ಎದುರಿಗೆ ಕಳ್ಳರನ್ನು ನಿಲ್ಲಿಸಿದಂತೆ ನಿಲ್ಲಿಸಿ ಗಾಡಿಯ ನಂಬರ್ ಬರೆದುಕೊಂಡ, ನಮ್ಮವರೇ ನಮ್ಮನ್ನು ಹಿಡಿದುಕೊಟ್ಟರು. "ತುಂಬಾ ಥ್ಯಾಂಕ್ಸ್, ಮಿಸ್ಟರ್ ಬಸವಂತಪ್ಪ." ಅಂಕಲ್ ಹೋಗಿತ್ತು. ಅದರ ಕೆಳಗೆ ಒಬ್ಬೊಬ್ಬರಾಗಿ ಕೋಪದ ಮುಖಗಳನ್ನು ಒತ್ತುತ್ತ ಹೋದರು. ಆಕಾಶ್ ಏನನ್ನೂ ಒತ್ತಲಿಲ್ಲ, ಏನನ್ನೂ ಬರೆಯಲಿಲ್ಲ. ರತ್ನಾಬಾಯಿಗೆ ಅದೇ ಹೆಚ್ಚು ನೋವಾಯಿತು.

ಬಸವಂತಪ್ಪನವರಿಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಬಯಲಿನಲ್ಲಿ ಏನಾಯಿತು? ಗಲಾಟೆ ಗೇಟಿನಿಂದ ಅಲ್ಲಿಗೆ ಕೇಳಿಸಿತೇ? ಒಂಬತ್ತಾಯಿತು, ಹತ್ತಾಯಿತು. ಉಪ್ಪಿಟ್ಟು ತಟ್ಟೆಯಲ್ಲೇ ಆರಿತು. ಹತ್ತೂಕಾಲಿಗೆ ಐಲ್ಸಾಳ ಫೋನ್ ಬಂತು. ಜೊತೆಯವನನ್ನು ಗೇಟಿಗೆ ಹಾಕಿ ಅವಳೇ ಇಡೀ ರಾತ್ರಿ ಗುಡಾರದಲ್ಲಿ ಕೂತಿದ್ದಳು.

ಬಸವಂತಪ್ಪ ನಮಸ್ಕಾರವನ್ನೂ ಹೇಳದೆ, "ಹೇಂಟೆ ಎಷ್ಟು?" ಎಂದರು.

"ಮೂರು ಹುಂಜ. ಐದು ಹೇಂಟೆ. ಎರಡು ಕೂಡಿದ್ದನ್ನು ಕಣ್ಣಾರೆ ನೋಡಿದೆ."

"ಐದಾ?"

"ಐದು." ಆಮೇಲೆ ಅವಳು ನಿಧಾನವಾಗಿ, ಓದಿ ಹೇಳಿದಂತೆ ಹೇಳಿದಳು: ಬುಧವಾರ ಬರುವುದು ಬೇಡ, ಗೇಟಿನ ಕೀಲಿಯನ್ನು ಅಂಚೆಯಲ್ಲಿ ಕಳಿಸಬೇಕು, ಮುಂದಿನ ವರ್ಷದ ಪಟ್ಟಿಯಲ್ಲಿಯೂ ಹೆಸರಿರುವುದಿಲ್ಲ. "ಫೋನ್ ಮಾಡಿದೆಯಲ್ಲ, ಅದಕ್ಕೆ ನಾನು ಋಣಿ. ಆದರೆ ನಿನ್ನನ್ನು ಮತ್ತೆ ಅಲ್ಲಿ ಕೂರಿಸಲು ನನ್ನಿಂದ ಆಗುವುದಿಲ್ಲ."

"ಆಯಿತು," ಎಂದರು ಬಸವಂತಪ್ಪ. ಬೇರೇನು ಹೇಳಿಯಾರು?

ರತ್ನಾಬಾಯಿ ಅವರ ಮುಖವನ್ನೇ ನೋಡುತ್ತ ನಿಂತಿದ್ದರು. "ಏನಂದ್ಲು?"

"ಐದು ಹೇಂಟಿ ಬಂದಿದ್ವಂತ."

"ಛಲೋ ಆತಲ್ರೀ!"

"ಭಾಳ ಛಲೋ ಆತು. ಹನ್ನೆರಡು ವರ್ಷದಾಗ ನಾ ಮೂರಕ್ಕಿಂತ ಹೆಚ್ಚು ಕಂಡಿಲ್ಲ, ರತ್ನಾ." ಅವರು ನಗಲು ಹೋದರು. ಆ ನಗು ಅರ್ಧಕ್ಕೇ ನಿಂತಿತು. ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರು. "ನಾ ಇಲ್ಲದಾಗ ಐದು ಬಂದಾವ ನೋಡು."