ಅರಳಿಕಟ್ಟೆಯ ಪಿಕಪ್ ಪಾಯಿಂಟ್

ಜಿಎಸ್‌ಟಿ ಬಂದ ಮರುವರ್ಷ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ನಾನು ಟ್ರಾನ್ಸ್‌ಪೋರ್ಟ್ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೆ: ಸುತ್ತಲ ಹಳ್ಳಿಗಳ ಹೆಂಗಸರನ್ನು ಬೆಳಿಗ್ಗೆ ಶಿಫ್ಟಿಗೆ ಮುಂಚೆ ಕರೆತಂದು ಸಂಜೆ ಮನೆ ಸೇರಿಸುವುದು. ನಲವತ್ತು ದಾಟಿದ ಮೇಲೆ, ಅದೇ ವರ್ಷ, ಮೈಸೂರಿನಲ್ಲಿ ಭಾನುವಾರದ ಎಂಬಿಎ ಕ್ಲಾಸಿಗೂ ಸೇರಿಕೊಂಡಿದ್ದೆ. ವಿಷಯ ಆಪರೇಷನ್ಸ್ ಮ್ಯಾನೇಜ್‌ಮೆಂಟ್. "ಈ ವಯಸ್ಸಲ್ಲಿ ಓದಿ ಯಾರನ್ನ ಉದ್ಧಾರ ಮಾಡ್ತೀಯೆ?" ಅಂತ ನಮ್ಮ ಯಜಮಾನರು ಕೇಳಿದರು. "ನಿಮ್ಮನ್ನಂತೂ ಅಲ್ಲ" ಅಂದು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಿದ್ದೆ.

ಆ ಬಸ್ಸುಗಳನ್ನು ನೆನೆದರೆ ಈಗಲೂ ಜೀವ ಹಿಗ್ಗುತ್ತದೆ. ತಿ. ನರಸೀಪುರದ ಕಡೆಯಿಂದ ಬರುವ ಬಸ್ಸಿನಲ್ಲಂತೂ ಹದಿನಾರು ಅನ್ನುವ ಊರು ದಾಟುವ ಹೊತ್ತಿಗೆ ಸಂತೆಯೇ ನೆರೆದಿರುತ್ತಿತ್ತು. ಒಬ್ಬಳು ಇನ್ನೊಬ್ಬಳಿಗೆ ಜಡೆ ಹೆಣೆಯುವುದು, ಮಲ್ಲಿಗೆ ದಂಡೆ ತುಂಡು ಮಾಡಿ ಹಂಚಿಕೊಳ್ಳುವುದು, ತಿಂಡಿ ತಿನ್ನದೆ ಬಂದವಳ ಬಾಯಿಗೆ ಉಪ್ಪಿಟ್ಟು ತುರುಕುವುದು. ಡ್ರೈವರ್ ಸಿದ್ದರಾಜು ಹಾಡು ಹಾಕಿದರೆ ಸೊಸೆಯರೆಲ್ಲ ಸೇರಿ ಅತ್ತೆಯರನ್ನು ಆಡಿಕೊಳ್ಳುವುದು ಕೇಳಿಸುತ್ತಿರಲಿಲ್ಲ. ಅದಕ್ಕೇ ಹಾಡು ಬೇಡ ಅನ್ನುತ್ತಿದ್ದೆ.

ಆ ವರ್ಷ ಹೆಡ್ ಆಫೀಸಿನಿಂದ ಹೊಸ ರೂಟ್ ಪ್ಲಾನ್ ಬಂತು. ಒಂದೊಂದು ಹಳ್ಳಿಯಲ್ಲಿ ಎರಡು ಮೂರು ಕಡೆ ನಿಲ್ಲಿಸಿದರೆ ಡೀಸೆಲ್ಲೂ ದಂಡ, ಹೊತ್ತೂ ದಂಡ. ಆದ್ದರಿಂದ ಒಂದು ಊರಿಗೆ ಒಂದೇ ಪಿಕಪ್ ಪಾಯಿಂಟ್, ಅದೂ ಎಲ್ಲರ ಮನೆಯಿಂದ ಆದಷ್ಟು ಸಮ ದೂರದಲ್ಲಿ. ಕ್ಲಾಸಿನಲ್ಲಿ ನಾವು ಓದುತ್ತಿದ್ದದ್ದೂ ಇದನ್ನೇ. ಮಿಕ್ಕ ಊರುಗಳಲ್ಲಿ ಪ್ಲಾನು ಸಲೀಸಾಗಿ ನಡೆಯಿತು. ಕೈಕೊಟ್ಟಿದ್ದು ನರಸೀಪುರದ ಕಡೆಯ ಒಂದೇ ಒಂದು ಹಳ್ಳಿಯಲ್ಲಿ. ಅಲ್ಲಿ ಮೊದಲು ಮೇಲಿನ ಬೀದಿಗೊಂದು, ದಲಿತರ ಬೀದಿಗೊಂದು ಸ್ಟಾಪ್ ಇತ್ತು. ಹೊಸ ಪ್ಲಾನಿನಲ್ಲಿ ಎರಡಕ್ಕೂ ನಡುವೆ ಸಿಕ್ಕಿದ ಜಾಗ ಊರ ಅರಳಿಕಟ್ಟೆ.

ವಾರ ಕಳೆಯುವಷ್ಟರಲ್ಲಿ ದಲಿತರ ಬೀದಿಯ ಹೆಂಗಸರ ಹಾಜರಿ ಬಿದ್ದುಹೋಯಿತು. ಕೆಲವರು ಮೇನ್ ರೋಡಿನವರೆಗೆ ನಡೆದು ಸರ್ಕಾರಿ ಬಸ್ಸು ಹಿಡಿದು ತಡವಾಗಿ ಬರುತ್ತಿದ್ದರು, ಕೆಲವರು ಬರುತ್ತಲೇ ಇರಲಿಲ್ಲ. ಅವರಲ್ಲಿ ರತ್ನಮ್ಮ ಕಾಲರ್ ಕೂರಿಸುವವಳು. ಒಂದು ಷರ್ಟು ಹತ್ತಾರು ಕೈ ದಾಟಿ ಹೊರಬರುತ್ತದೆ. ನಡುವೆ ಒಂದು ಮಿಷನ್ ನಿಂತರೆ ಹಿಂದೆ ಬಟ್ಟೆ ಗುಡ್ಡೆ ಬೀಳುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ. ಇದಕ್ಕೆ ಬಾಟಲ್‌ನೆಕ್ ಅನ್ನುತ್ತಾರೆ. ರತ್ನಮ್ಮ ಬರದ ದಿನ ನಮ್ಮ ಲೈನೇ ಬಾಟಲ್‌ನೆಕ್ಕು. ತಿಂಗಳ ಕೊನೆಗೆ ಇವರೆಲ್ಲರ ಹೆಸರು ತೆಗೆದುಹಾಕುತ್ತೇವೆ ಅಂತ ಎಚ್‌ಆರ್‌ನವರು ಹೇಳಿದರು. ರತ್ನಮ್ಮನ ಗಂಡ ತೀರಿಕೊಂಡಿದ್ದ, ಮಗಳು ಪಿಯುಸಿ ಓದುತ್ತಿದ್ದಳು. ಮನೆ ನಡೆಯುತ್ತಿದ್ದದ್ದೇ ಈ ಕೆಲಸದಿಂದ.

ನಾನು ಚಿಕ್ಕಯ್ಯನಛತ್ರದ ಕಡೆ ಹುಟ್ಟಿ ಬೆಳೆದವಳು, ಕಟ್ಟೆ ಇರುವ ಬೀದಿಯವಳು. ಕಾರಣ ಏನಿರಬಹುದು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಕಣ್ಣಾರೆ ನೋಡೋಣ ಅಂತ ಒಂದು ಬೆಳಿಗ್ಗೆ ಸಿದ್ದರಾಜುವಿನ ಜೊತೆ ಖಾಲಿ ಬಸ್ಸಿನಲ್ಲಿ ಹೋದೆ. ಮೇಲಿನ ಬೀದಿಯ ಹೆಂಗಸರು ಕಟ್ಟೆಯ ಮೇಲೆ ನೆರಳಲ್ಲಿ ಕೂತಿದ್ದರು. ರತ್ನಮ್ಮ ಮತ್ತು ಇನ್ನಿಬ್ಬರು ಅಷ್ಟು ದೂರ, ಚರಂಡಿ ಪಕ್ಕ ನಿಂತಿದ್ದರು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ನನ್ನ ಗಂಡನ ಕಡೆ ನಂಟರು. ವಿಷಯ ಎತ್ತಿದೆ.

"ಬಸ್ಸತ್ತಲಿ ಕಣವ್ವ, ಯಾರು ಬ್ಯಾಡ ಅಂದೋರು? ಕಟ್ಟೆ ತಾವು ಬಂದು ನಿಲ್ಲೋದ್ಯಾಕೆ ಅಂತ, ಅಷ್ಟೆಯ" ಅಂದರು, ಬಹಳ ಮರ್ಯಾದೆಯಿಂದ.

ನನಗೆ ಮೈ ಉರಿಯಿತು. ನಂಟಸ್ತನ ನೋಡಿಕೊಂಡು ಕಟ್ಟೆ ಬಿಟ್ಟು ಚರಂಡಿಯ ಕಡೆ ನಡೆದೆ.

ರತ್ನಮ್ಮನನ್ನು ಪಕ್ಕಕ್ಕೆ ಕರೆದು, "ಮೊದಲಿನ ಹಾಗೆ ಎರಡು ಸ್ಟಾಪ್ ಮಾಡಿಸ್ತೀನಿ, ನೀನು ಕೆಲಸ ಬಿಡಬೇಡ" ಅಂದೆ. ಅದು ಸುಲಭದ ದಾರಿ. ಮ್ಯಾನೇಜರನ್ನು ಹೇಗೋ ಒಪ್ಪಿಸಬಹುದಿತ್ತು, ನಂಟರಿಗೂ ನೋವಿಲ್ಲ.

ಅವಳು ಒಪ್ಪಲಿಲ್ಲ. "ಒಂದೂರಿಗೆ ಒಂದೇ ಅಂತ ನೀವೇ ರೂಲ್ಸ್ ಮಾಡಿದ್ದೀರಲ್ಲ ಮೇಡಂ? ಆ ಒಂದ್ನ ನಮ್ ಬೀದೀಲಿ ಮಾಡಿ. ಇಷ್ಟು ದಿನ ನಾವು ಅವರ ತಾವು ಓಗಿ ನಿಂತ್ಕಂಡಿಲ್ವ? ಅವರೂ ಬರ್ಲಿ. ಆಗಕಿಲ್ಲ ಅಂದ್ರೆ ನನ್ನೆಸ್ರು ತೆಗ್ದಾಕಿ."

ಮಗಳ ಓದು, ಮನೆಯ ಒಲೆ ಎಲ್ಲ ಇದರ ಮೇಲೇ ನಿಂತಿದ್ದಾಗ ಒಬ್ಬ ಹೆಂಗಸು ಈ ಮಾತಾಡಬೇಕಾದರೆ ಎಷ್ಟು ನೊಂದಿರಬೇಕು. ನನಗೆ ಅವಳ ಮೇಲೆ ಗೌರವ ಬಂತು, ಭಯವೂ ಆಯಿತು. ಸಿದ್ದರಾಜುವನ್ನು ಕೇಳಿದೆ. ಕಟ್ಟೆಯ ಹತ್ತಿರ ಬಸ್ ತಿರುಗಿಸಲು ಹಿಂದೆ ಮುಂದೆ ಸರ್ಕಸ್ ಮಾಡಬೇಕು, ದಲಿತರ ಬೀದಿಯ ಕೊನೆಯಲ್ಲಿ ಹೊಸ ಸಿಮೆಂಟ್ ರಸ್ತೆ ಅಗಲವಾಗಿದೆ, ಒಂದೇ ಸುತ್ತಿಗೆ ತಿರುಗುತ್ತದೆ ಅಂದ.

ಆಫೀಸಿನಲ್ಲಿ ಮ್ಯಾನೇಜರಿಗೆ ಎರಡನ್ನೂ ಹೇಳಿದೆ, ಕಟ್ಟೆಯ ಕಥೆಯನ್ನು ಮೊದಲು. ಅವರು ಪೆನ್ನು ಕೈಗೆತ್ತಿಕೊಂಡು, "ಬಸ್ ತಿರುಗಿಸೋದಕ್ಕೆ ಅನುಕೂಲ ಅಂತ ಬರೀತೀನಿ, ಸಾಕಲ್ಲ?" ಅಂದರು. ಕಾರಣ ಏನಾದರೂ ಬರೆದುಕೊಳ್ಳಲಿ, ಸ್ಟಾಪ್ ಬದಲಾದರೆ ಸಾಕು ಅಂತ ಹೂಂ ಅಂದೆ.

ಹೊಸ ಸ್ಟಾಪಿನ ಮೊದಲ ದಿನವೂ ನಾನೇ ಬಸ್ಸಿನಲ್ಲಿ ಹೋದೆ. ರತ್ನಮ್ಮನ ಮನೆಯ ಮುಂದೆ ಅವರ ಬೀದಿಯವರೆಲ್ಲ ತಲೆ ಬಾಚಿ ಹೂ ಮುಡಿದು ನಿಂತಿದ್ದರು. ಮೇಲಿನ ಬೀದಿಯಿಂದ ಒಬ್ಬರೂ ಇಳಿದು ಬರಲಿಲ್ಲ. ಸಿದ್ದರಾಜು ಹಾರ್ನ್ ಹೊಡೆದು ನನ್ನ ಮುಖ ನೋಡಿದ. ಅಷ್ಟು ಜನ ಬರದಿದ್ದರೆ ಲೈನು ನಿಲ್ಲುತ್ತದೆ, ನನ್ನ ಕೆಲಸಕ್ಕೂ ಸಂಚಕಾರ. "ಟೈಮಾಯ್ತು, ಬಿಡಪ್ಪ" ಅಂದೆ. ಸಂಜೆ ನಂಟರ ಫೋನು, ರಾತ್ರಿ ನಮ್ಮತ್ತೆಯ ಸಹಸ್ರನಾಮ.

ಮಾರನೆಯ ದಿನ ಒಬ್ಬಳು ಬಂದಳು. ಮಂಜುಳಾ, ರತ್ನಮ್ಮನ ಪಕ್ಕದ ಮಿಷನ್ನಿನವಳು. ಮುಖ ಗಂಟು ಹಾಕಿಕೊಂಡು ಬಸ್ ಹತ್ತಿ, "ನಮ್ಮತ್ತೆ ಬಯ್ತಾವ್ರೆ. ಅಟೆಂಡೆನ್ಸ್ ಬೋನಸ್ ಓದ್ರೆ ನಮ್ಮತ್ತೆ ಕೊಟ್ಟಾರ?" ಅಂತ ಯಾರಿಗೂ ಅಲ್ಲ ಎನ್ನುವಂತೆ ಹೇಳಿ ಕೂತಳು. ಬಸ್ಸೆಲ್ಲ ನಕ್ಕಿತು. ಒಬ್ಬೊಬ್ಬರಾಗಿ ಮಿಕ್ಕವರೂ ಬರತೊಡಗಿದರು. ಇಬ್ಬರು ಮಾತ್ರ ಕೆಲಸವನ್ನೇ ಬಿಟ್ಟರು, ಬಸ್ಸಿಗೆ ಬರಲಿಲ್ಲ. ರತ್ನಮ್ಮನ ಬೀದಿಯ ಒಂದು ಹೆಸರೂ ಹೋಗಲಿಲ್ಲ.

ನಾನೀಗ ಕೆಲಸ ಬಿಟ್ಟಿದ್ದೇನೆ. ನರಸೀಪುರದಲ್ಲಿ ಬಿಬಿಎ ಮಕ್ಕಳಿಗೆ ಆಗೊಮ್ಮೆ ಈಗೊಮ್ಮೆ ಪಾಠ ಮಾಡುತ್ತೇನೆ. ರೂಟ್ ಪ್ಲಾನಿಂಗ್ ಬಂದಾಗ ಇಷ್ಟು ಹೇಳುತ್ತೇನೆ: ಮ್ಯಾಪಿನಲ್ಲಿ ಎಲ್ಲರಿಗೂ ಸಮ ದೂರ ಅಂತ ಕಂಡ ಜಾಗಕ್ಕೆ ಊರಿನಲ್ಲಿ ಎಲ್ಲರೂ ಸಮವಾಗಿ ಹೋಗಿ ನಿಲ್ಲಬಲ್ಲರೇ ಅಂತ ನೋಡಿ, ಆಮೇಲೆ ಗೆರೆ ಎಳೆಯಿರಿ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಕೆಲಸ ಬಿಡುವ ಮುಂಚೆ ಇನ್ನೊಂದು ಸಲ ಆ ಬಸ್ಸಿನಲ್ಲಿ ಹೋಗಿದ್ದೆ. ಬೇಸಿಗೆ. ರತ್ನಮ್ಮನ ಜಗುಲಿಯ ಮೇಲೆ ಎರಡೂ ಬೀದಿಯವರು ಒತ್ತಿಕೊಂಡು ಕೂತು ಯಾರದೋ ಅತ್ತೆಯನ್ನು ಆಡಿಕೊಳ್ಳುತ್ತಿದ್ದರು. ಮಂಜುಳಾ ರತ್ನಮ್ಮನ ಮನೆಯ ಚೊಂಬು ಎತ್ತಿ ಗಟಗಟ ನೀರು ಕುಡಿಯುತ್ತಿದ್ದಳು. ನಾನು ನೋಡಿದ್ದು ಕಂಡು ಬಾಯಿ ಒರೆಸಿಕೊಂಡು ಹತ್ತಿರ ಬಂದು, "ಮೇಡಂ, ನಮ್ಮತ್ತೆಗೆ ಏಳ್ಬ್ಯಾಡಿ" ಅಂದಳು. ಇವತ್ತಿನವರೆಗೂ ಹೇಳಿಲ್ಲ. ಈ ಬರಹದಲ್ಲಿ ಊರಿನ ಹೆಸರು ಇಲ್ಲದಿರುವುದು ಅದೊಂದೇ ಕಾರಣಕ್ಕೆ.