ಕದ್ದ ಉಸಿರಿನಲ್ಲಿ ಲಿಂಗಸುಗೂರಿಗೆ

ಮೂವರನ್ನು ಔಟ್ ಮಾಡಿದ್ದೆನೋ ಇಬ್ಬರನ್ನೋ, ಅದು ಈಗ ಖಚಿತವಿಲ್ಲ. ಮಸ್ಕಿಯ ಗುಡ್ಡದ ಕೆಳಗಿನ ಮೈದಾನದಲ್ಲಿ, ಕಾಲೇಜಿನ ವಯಸ್ಸಿನಲ್ಲಿ, ಒಂದೇ ಉಸಿರಿಗೆ ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ಮುಟ್ಟಿ ಬಂದೆ ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿದೆ. ಅಷ್ಟು ನುಣುಪಾದದ್ದನ್ನು ನಾನು ನಂಬುವುದಿಲ್ಲ. ಆದರೂ ಜನವರಿಯ ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಸಿಂಧನೂರಿನ ಬಸ್ ನಿಲ್ದಾಣಕ್ಕೆ ಬಂದಾಗ ನನ್ನಲ್ಲಿದ್ದ ಧೈರ್ಯ ಅದೊಂದೇ.

ಲಿಂಗಸುಗೂರಿನಲ್ಲಿ ತಂಗಿಯ ಮಗಳು ಪ್ರಜ್ಞಾಳ ಮದುವೆ. ನಮ್ಮ ಮನೆಗಳಲ್ಲಿ ಪುರೋಹಿತರನ್ನು ಕರೆಸುವುದಿಲ್ಲ. ಬುದ್ಧನ ಪಟದ ಮುಂದೆ ಮನೆಯ ಹಿರಿಯನೊಬ್ಬ ಪ್ರತಿಜ್ಞೆ ಓದುತ್ತಾನೆ, ವಧುವರರು ‘ಒಪ್ಪಿದೆವು’ ಅನ್ನುತ್ತಾರೆ. ಆ ಪ್ರತಿಜ್ಞೆಯನ್ನು ತಂಗಿಯ ಮದುವೆಗೆಂದು ಬರೆದವನು ನಾನೇ. ಪೂರ್ಣವಿರಾಮವೇ ಒಂದು ಸುಳ್ಳು ಎಂದು ವಾದಿಸುತ್ತಿದ್ದ ದಿನಗಳವು: ಇಡೀ ಪುಟಕ್ಕೆ ಒಂದೇ ವಾಕ್ಯ. ಅಂದಿನಿಂದ ಮನೆತನದ ಪ್ರತಿ ಮದುವೆಯಲ್ಲೂ ಅದನ್ನು ನಿಲ್ಲಿಸದೆ ಓದಿದ್ದೇನೆ.

ಈಗ ಎರಡು ವರ್ಷದಿಂದ ಐದಾರು ಪದಕ್ಕಿಂತ ಹೆಚ್ಚು ಒಟ್ಟಿಗೆ ಆಡಲಾಗುತ್ತಿಲ್ಲ. ಗಾಳಿ ಕೊರಳ ಬುಡದವರೆಗೆ ಬಂದು ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. ರಾಯಚೂರಿನಲ್ಲಿ ಎಕ್ಸ್‌ರೇ, ಇಸಿಜಿ, ರಕ್ತ, ಕೊಳವೆಗೆ ಊದುವ ಪರೀಕ್ಷೆ ಎಲ್ಲವೂ ಆದವು. “ಎಲ್ಲಾ ನಾರ್ಮಲ್ ಐತ್ರಿ” ಎಂದರು ಡಾಕ್ಟರು. ಓಣಿಯವರು ನೆಲ್ಲಿನ ಹುಲ್ಲು ಸುಡುವ ಹೊಗೆ ಅಂದರು, ಮಿಲ್ಲಿನ ಧೂಳು ಅಂದರು, ಟೆನ್ಶನ್ ಅಂದರು. ಹೊಗೆಯಿಲ್ಲದ ತಿಂಗಳಲ್ಲೂ, ನಕ್ಕ ದಿನವೂ ಅದು ಬಂತು.

“ಬೀಗರು ಒಬ್ಬ ಮೇಷ್ಟ್ರನ್ನ ಇಟ್ಕೊಂಡಾರಂತ್ರೀ, ನಿಮಗ ಆಗ್ಲಿಲ್ಲಂದ್ರ ಓದಾಕ” ಎಂದಳು ಹೆಂಡತಿ ಸುಜಾತ, ಬಸ್ಸು ಹೊರಟ ಮೇಲೆ.

“ನನ್ನ ವಾಕ್ಯ ಅವ್ನಿಗೇನ್ ತಿಳೀತದ?”

“ಬರದವ್ರಿಗೇ ತಿಳಿಯೂದಿಲ್ಲ ಅದು.”

ಮಸ್ಕಿಗೆ ನನ್ನ ಟಿಕೆಟ್ಟು ನಲವತ್ತೆರಡೋ ನಲವತ್ತೈದೋ. ಅವಳದು ಪುಕ್ಕಟೆ, ಅದನ್ನು ಅವಳು ಎರಡು ಸಲ ನೆನಪಿಸಿದಳು. ಕಾಲುವೆಯ ನೀರು ಹರಿಯುವಷ್ಟು ದೂರ ಗದ್ದೆಗಳಲ್ಲಿ ಎರಡನೇ ಬೆಳೆಯ ನಾಟಿ ನಡೆದಿತ್ತು. ಕಿಟಕಿಯಿಂದ ತಣ್ಣನೆಯ ಗಾಳಿ ಬೇಕಾದಷ್ಟು ಬರುತ್ತಿತ್ತು. ನಾನು ಎದೆಯುಬ್ಬಿಸಿ ದೊಡ್ಡ ಉಸಿರೆಳೆದು ಪ್ರತಿಜ್ಞೆ ಶುರು ಮಾಡುತ್ತಿದ್ದೆ. ಆರನೆಯ ಪದಕ್ಕೆ ನಿಲ್ಲುತ್ತಿದ್ದೆ. ಮಸ್ಕಿ ಬರುವವರೆಗೆ ಏಳನೆಯ ಪದ ಬರಲಿಲ್ಲ.

ಮಸ್ಕಿಯಲ್ಲಿ ದುರುಗಪ್ಪ ಕಾಯುತ್ತಿದ್ದ. ಅಂದಿನ ಮ್ಯಾಚಿನಲ್ಲಿ ಎದುರು ತಂಡದ ನಾಯಕ, ಈಗ ಕುರಿ ವ್ಯಾಪಾರಿ. ಮದುವೆಗೆ ಅವನೂ ನಮ್ಮ ಜೊತೆ. ನಿಲ್ದಾಣದ ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನುತ್ತ ನನ್ನ ಪಾಡು ಹೇಳಿದೆ. “ಹಿಂದ ಹೆಂಗ ಒಂದs ಉಸುರು ಹಿಡದು ಬರ್ತಿದ್ದೆ, ಹಂಗ ತುಂಬ್ಕೊಂಡು ಶುರು ಮಾಡ್ತೀನಿ. ಆಗವಲ್ದು.”

ದುರುಗಪ್ಪ ಮಿರ್ಚಿ ಕೆಳಗಿಟ್ಟ. “ಯಾವಾಗ್ ಹಿಡದಿದ್ದೆಲೇ ನೀ? ಕದೀತಿದ್ದಿ.”

“ಏನು?”

“ಉಸುರು. ಡ್ಡಿ ಅಂದು ಕ ಅನ್ನೂದ್ರಾಗ ಮೂಗಿನಾಗ ಒಂದ್ ಚೂರು ಎಳಕೋತಿದ್ದಿ. ತುಟಿ ಅಲ್ಲಾಡ್ತಿತ್ತು, ಅಂಪೈರ್‌ಗೆ ಗೊತ್ತಾಗ್ತಿರ್ಲಿಲ್ಲ. ನಮ್ಮ ಟೀಮಿಗೆಲ್ಲಾ ಗೊತ್ತಿತ್ತು.”

“ಮತ್ತ ಯಾಕ್ ಹೇಳ್ಲಿಲ್ಲ?”

“ನಾವೂ ಅದನ್ನs ಮಾಡ್ತಿದ್ವಿ. ನಿನ್ನಷ್ಟು ಚಂದ ಬರ್ತಿರ್ಲಿಲ್ಲ.”

ಸುಜಾತ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಕ್ಷಣ ವಾಪಸ್ ಸಿಂಧನೂರಿನ ಬಸ್ಸು ಹತ್ತಬೇಕೆನಿಸಿತು. ದುರುಗಪ್ಪ ಬಿಡಲಿಲ್ಲ. “ತುಂಬಾಕ ಹೋಗಬ್ಯಾಡ. ಖಾಲಿ ಆಗಾಕೂ ಬಿಡಬ್ಯಾಡ. ಇನ್ನೂ ಇದ್ದಾಗs ಕದಿ.”

ಮಸ್ಕಿ ದಾಟಿದ ಮೇಲೆ ಗದ್ದೆಯಿಲ್ಲ. ಕಪ್ಪು ಹೊಲ, ತೊಗರಿಯ ಕಟ್ಟಿಗೆ, ಬಂಡೆಗಳ ಗುಡ್ಡ. ಐವತ್ತು ದಾಟಿದ ಇಬ್ಬರು ಗಂಡಸರು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸೀಟಿನ ಸರಳು ಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತ ಕುಳಿತೆವು. ಬಳಗಾನೂರಿನ ಒಬ್ಬ ಮುದುಕಿ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಕಂಡಕ್ಟರ್ ಕೇಳಿದ: “ಎಲ್ಲಿ ಮ್ಯಾಚ್ ಐತ್ರಿ ಕಾಕಾ?”

“ಲಿಂಗಸೂರಾಗ” ಎಂದ ದುರುಗಪ್ಪ. “ಬೀಗರ ಮ್ಯಾಲ.”

ಹತ್ತೂವರೆಗೆ ಲಿಂಗಸುಗೂರು ಮುಟ್ಟಿದೆವು. ಕಲ್ಯಾಣ ಮಂಟಪದ ಮೆಟ್ಟಿಲು ಹದಿನಾಲ್ಕು. ಎರಡು ಸಲ ಕೂತೆ. ತಂಗಿ ಓಡಿ ಬಂದು, “ಅಣ್ಣಾ, ಬ್ಯಾಡ ಬಿಡು, ಮೇಷ್ಟ್ರು ಓದ್ಲಿ. ಯಾರೂ ಏನೂ ಅನ್ನಲ್ಲ” ಎಂದಳು. ಹಿಂದೆ ನಿಂತಿದ್ದ ಪ್ರಜ್ಞಾ, “ಮಾಮಾನs ಓದ್ಬೇಕು. ಸಂಜೀತನಕ ಆದ್ರೂ ನಾ ನಿಂದರ್ತೀನಿ” ಎಂದಳು. ಮೇಷ್ಟ್ರು ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟು ಪಕ್ಕದಲ್ಲೇ ನಿಂತರು. ಕೈಯಲ್ಲಿ ಇನ್ನೊಂದು ಪ್ರತಿ ಸಿದ್ಧವಿತ್ತು.

ಎದೆಯುಬ್ಬಿಸಲಿಲ್ಲ. ಮಾತಾಡುವಷ್ಟೇ ಗಾಳಿಯಿಂದ ಶುರು ಮಾಡಿದೆ. ನಾಲ್ಕನೆಯ ಪದದ ಕೊನೆಯಲ್ಲಿ, ಇನ್ನೂ ಇದ್ದಾಗಲೇ, ಮೂಗಿನಲ್ಲಿ ಒಂದು ಚೂರು. ಏಳನೆಯ ಪದ ಬಂತು. ‘ದುಡಿದು ತಂದದ್ದನ್ನು ಇಬ್ಬರೂ ಕೂಡಿ’ ಎಂಬಲ್ಲಿ ಇನ್ನೊಂದು. ನಡುವೆ ಒಮ್ಮೆ ಕೊರಳಲ್ಲಿ ಗಾಳಿ ನಿಂತೇಬಿಟ್ಟಿತು; ಮೇಷ್ಟ್ರ ಕೈಯ ಕಾಗದ ಸರ್ರೆಂದಿತು. ತುಟಿಯನ್ನು ಮಾತ್ರ ಆಡಿಸಿದೆ, ಗೆರೆ ಕಂಡ ಆಟಗಾರನಂತೆ. ಗಾಳಿ ಸಿಕ್ಕಿತು. ಪುಟ ಮುಗಿಯಿತು. “ಒಪ್ಪಿದೆವು” ಎಂದರು ಇಬ್ಬರೂ. ಪ್ರಜ್ಞಾ ಗಂಡನಿಗಿಂತ ಮೊದಲೇ ಅಂದಳು.

ಆ ದಿನ ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಊಟದ ಪಂಕ್ತಿಯಲ್ಲಿ ಮೇಷ್ಟ್ರು ಎಲೆ ಬಿಟ್ಟು ಎದ್ದು ಬಂದು, “ಏನ್ ಉಸುರ್ರೀ ನಿಮ್ದು” ಎಂದರು. ಶೇಂಗಾ ಹೋಳಿಗೆ ಮೂರು ತಿಂದೆ. ಕದ್ದದ್ದು ಎಂದು ಹೇಳಲಿಲ್ಲ.

ಸಂಜೆ ಮಸ್ಕಿಯಲ್ಲಿ ದುರುಗಪ್ಪ ಇಳಿದ. ಕೆಳಗೆ ನಿಂತು ಕಿಟಕಿಗೆ ಮುಖ ತಂದು, “ಹನ್ನೊಂದು” ಎಂದ.

“ಒಂಬತ್ತು” ಎಂದೆ.

“ಎರಡು ಕದ್ದದ್ದು ನಿನಗೂ ಗೊತ್ತಾಗಿಲ್ಲ” ಎಂದು ಬಸ್ಸಿಗೆ ಎರಡು ಸಲ ಬಡಿದ. ಬಸ್ಸು ಹೊರಟಿತು. ಹಿಂತಿರುಗಿ ನೋಡಿದೆ, ಗುಡ್ಡದ ಕೆಳಗೆ ಮೈದಾನವಿದ್ದ ಜಾಗ ಯಾವುದೆಂದು ಗುರುತು ಹತ್ತಲಿಲ್ಲ.

ಈಗಲೂ ಹಾಗೇ ಕದಿಯುತ್ತ ಮಾತಾಡುತ್ತೇನೆ. ಉಸಿರು ಏಕೆ ನಿಲ್ಲುತ್ತದೆಂದು ಡಾಕ್ಟರಿಗೆ ತಿಳಿದಿಲ್ಲ, ನನಗೂ ತಿಳಿದಿಲ್ಲ. ಅಂದು ಮೈದಾನದಲ್ಲಿ ಕದ್ದಿದ್ದೆನೋ, ಅಥವಾ ಮಿರ್ಚಿ ತಿನ್ನುತ್ತ ದುರುಗಪ್ಪ ನನಗಾಗಿ ಕಟ್ಟಿದ ಮಾತೋ, ಅದೂ ಗೊತ್ತಿಲ್ಲ. ನಾನು ಕೇಳಿಲ್ಲ.