ಒಬ್ಬಳೇ ಕೂರುವ ಜಾಗ

ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಕರೆದರೆ ಬರುವವರು ಅಜ್ಜಿಯರು. ಅಪ್ಪ ಅವ್ವಂದಿರು ಹೊಲಕ್ಕೆ ಹೋಗಿರುತ್ತಾರೆ. ಅಜ್ಜಿಯರು ಎಲೆಡಿಕೆ ಬಾಯಿಗೆ ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಾರೆ, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಕಡೆಗೆ ಒಂದೇ ಮಾತು ಕೇಳುತ್ತಾರೆ: "ಅದೆಲ್ಲ ಇರ್ಲಿ, ನಮ್ಮೈದ ಪಾಸಾ ಫೇಲಾ, ಅದ ಯೋಳವ್ವ."

ಪಾಸು ಫೇಲು ಈಗ ಇಲ್ಲ, ರ್‍ಯಾಂಕೂ ಇಲ್ಲ ಎಂದು ಹೇಳುವುದೇ ಆ ಸಭೆಯ ಕೆಲಸ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ಮಾಡಿಕೊಂಡು ಓದಬೇಕು, ತನ್ನದೇ ಮಾತಿನಲ್ಲಿ ನಾಲ್ಕು ಸಾಲು ಬರೆಯಬೇಕು, ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ತರಬೇಕು. ಇದಿಷ್ಟು ಹೊಸ ಗುರಿ. ಇದನ್ನು ಪೋಷಕರಿಗೆ ಹೇಗೆ ತಿಳಿಸಬೇಕು ಎಂದು ನಮಗೆ ಚಾಮರಾಜನಗರದಲ್ಲಿ ತರಬೇತಿ ಕೊಟ್ಟರು. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಣ್ಣಬಣ್ಣದ ಚಿತ್ರ ಬಿಟ್ಟು ವಿವರಿಸಿದರು, ಮಧ್ಯೆ ಉಪ್ಪಿಟ್ಟು ಕೊಟ್ಟರು. ಎಲೆಡಿಕೆ ಅಜ್ಜಿಯರ ವಿಷಯ ಮಾತ್ರ ಯಾರೂ ಎತ್ತಲಿಲ್ಲ.

ಚಾಮರಾಜನಗರ ನನ್ನ ಊರೇ. ಅರಿಶಿನದ ಮಂಡಿಗಳ ಹಿಂದಿನ ಬೀದಿಯಲ್ಲಿ ನಮ್ಮ ಮನೆಯಿತ್ತು. ಈಗ ಅದು ಅಣ್ಣನ ಮನೆ. ತರಬೇತಿಯ ದಿನ ಆ ಬೀದಿಯ ತನಕ ಹೋಗಿ, ಬಾಗಿಲು ತೆರೆದಿದೆ ಎಂದು ನೋಡಿ, ಹೋಟೆಲಿನಲ್ಲಿ ಊಟ ಮಾಡಿ ಬಸ್ ಹತ್ತಿದೆ. ಜಗಳವೇನೂ ಇಲ್ಲ. ಹೇಳದೆ ಊಟಕ್ಕೆ ಹೋಗುವ ಸಲಿಗೆ ಉಳಿದಿಲ್ಲ, ಅಷ್ಟೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಕಾಲ ಕೂಡಿ ಬರಲಿಲ್ಲ ಎನ್ನುತ್ತೇನೆ. ಕಾಲಕ್ಕೆ ಬಾಯಿಲ್ಲ, ಅದು ಎದುರು ಮಾತಾಡುವುದಿಲ್ಲ.

ಗುಂಡ್ಲುಪೇಟೆಯಲ್ಲಿ ಮಹಡಿ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಕೆಳಗೆ ಕೇರಳದ ಕಡೆ ಹೋಗುವ ಲಾರಿಗಳು, ಪ್ರವಾಸದ ಕಾರುಗಳು. ಒಬ್ಬರಿಗಾಗುವಷ್ಟು ಸಾರು ಮಾಡುವುದು ಬಹಳ ಕಷ್ಟದ ಕೆಲಸ; ಎಷ್ಟು ಕಮ್ಮಿ ಮಾಡಿದರೂ ಉಳಿಯುತ್ತದೆ, ಮರುದಿನವೂ ಅದೇ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸೋಮವಾರದವರೆಗೆ ನನ್ನ ದನಿ ನನಗೇ ಕೇಳಿಸದ ವಾರಗಳುಂಟು. ಸೋಮವಾರ ಬೆಳಿಗ್ಗೆ ಕಂಡಕ್ಟರಿಗೆ "ಹಂಗಳ ಒಂದು" ಎನ್ನುವಾಗ ಗಂಟಲು ಕಟ್ಟಿಕೊಂಡಿರುತ್ತದೆ, ಕೆಮ್ಮಿ ಸರಿ ಮಾಡಿಕೊಳ್ಳುತ್ತೇನೆ. ಹಂಗಳದಲ್ಲಿಳಿದು ಒಳಗಿನ ಊರಿಗೆ ಆಟೊ ಸಿಕ್ಕರೆ ಆಟೊ, ಇಲ್ಲದಿದ್ದರೆ ನಡಿಗೆ.

ಶಾಲೆಗೆ ಎರಡು ಕೋಣೆ. ಒಂದರಲ್ಲಿ ಹೆಡ್‌ಮಾಸ್ಟರು ದೊಡ್ಡ ಮಕ್ಕಳೊಂದಿಗೆ. ಇನ್ನೊಂದರಲ್ಲಿ ನಾನು, ಒಂದು ಎರಡು ಮೂರನೇ ತರಗತಿಯ ಮಕ್ಕಳು ಒಟ್ಟಿಗೆ. ಇದು ನಲಿ-ಕಲಿಯ ಕೋಣೆ. ಸಾಲಾಗಿ ಕೂರುವ ಪದ್ಧತಿ ಇಲ್ಲ. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರವಿದೆ, ಟ್ರೇಗಳಲ್ಲಿ ಕಾರ್ಡುಗಳಿವೆ. ಮಗು ಏಣಿಯಲ್ಲಿ ತಾನೆಲ್ಲಿದ್ದೇನೆಂದು ತಾನೇ ನೋಡಿಕೊಂಡು ಕಾರ್ಡು ತೆಗೆದುಕೊಂಡು ಅದಕ್ಕೆ ತಕ್ಕ ಗುಂಪಿನಲ್ಲಿ ಕೂರುತ್ತದೆ. ಹೊಸದನ್ನು ಕಲಿಯುವವರು ನನ್ನ ಸುತ್ತ. ಸ್ವಲ್ಪ ಬಂದವರು ಗೆಳೆಯರ ಜೊತೆ. ಪೂರ್ತಿ ಬಂದವರು ಯಾರ ಸಹಾಯವೂ ಇಲ್ಲದೆ, ಕಿಟಕಿಯ ಪಕ್ಕದ ಮೂಲೆಯಲ್ಲಿ. ಮಕ್ಕಳಿಗೆ ಇದು ಎರಡೇ ದಿನಕ್ಕೆ ತಿಳಿಯುತ್ತದೆ. ದೊಡ್ಡವರಿಗೆ ಎರಡು ವರ್ಷವಾದರೂ ಮಕ್ಕಳು ಆಡಿಕೊಂಡು ಕೂತ ಹಾಗೆಯೇ ಕಾಣುತ್ತದೆ.

ಆ ವರ್ಷ ಮೂರನೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಅಕ್ಷರ ಕಂಡಲ್ಲೆಲ್ಲ ಓದುವವಳು: ಬಿಸ್ಕತ್ತಿನ ಪೊಟ್ಟಣ, ಗೊಬ್ಬರದ ಚೀಲ, ಒಮ್ಮೆ ನನ್ನ ಕೈಯಲ್ಲಿದ್ದ ಮಾತ್ರೆಯ ಹಾಳೆ ಕೂಡ. "ಇದು ಯಾತುಕ್ಕ ಮಿಸ್?" ಎಂದು ಕೇಳಿದಳು. ನಿದ್ದೆಗೆ ಎಂದೆ. "ನಿಮ್ಗ ನಿದ್ದ ಬರಲ್ವಾ?" ಎಂದಳು. ಈ ಪ್ರಶ್ನೆ ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಡಾಕ್ಟರು ಕೂಡ ಚೀಟಿ ಬರೆದುಕೊಟ್ಟರೇ ಹೊರತು ಕೇಳಲಿಲ್ಲ.

ಅವಳ ಅಪ್ಪ ಕೂಲಿಯವನು. ಮಳೆಗಾಲದಲ್ಲಿ ನಮ್ಮ ಕಡೆ ಹೊಲವೆಲ್ಲ ಚೆಂಡು ಹೂವು. ಬೆಳಿಗ್ಗೆಯೇ ಹೂ ಕುಯ್ಯಲು ಹೋಗುತ್ತಾನೆ, ಹೆಂಡತಿಯೂ ಜೊತೆಗೆ. ಹಾಗಾಗಿ ಸಭೆಗೆ ಅವರ ಮನೆಯಿಂದ ಯಾರೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಹುಡುಗಿ ನೀರಿನ ಬಾಟಲಿ ಮರೆತಿದ್ದಳೆಂದು ಕೊಟ್ಟು ಹೋಗಲು ಬಂದ. ನಾನು ಒಂದನೇ ತರಗತಿಯವರನ್ನು ಸುತ್ತ ಕೂರಿಸಿಕೊಂಡು ಹಾಡು ಹೇಳಿಸುತ್ತಿದ್ದೆ. ಕಿಟಕಿಯಲ್ಲಿ ಅವನ ಮುಖ ಕಂಡಿತು. ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಬಾಗಿಲಿಗೆ ಬಂದು, "ಬಾ ಕಣಮ್ಮಿ, ಬ್ಯಾಗ್ ತಕ್ಕೊ," ಎಂದು ಮಗಳನ್ನು ಕರೆದುಕೊಂಡು ಹೊರಟೇಬಿಟ್ಟ. ಮನೆಯಲ್ಲಿ ಏನೋ ತುರ್ತು ಇರಬೇಕೆಂದುಕೊಂಡೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳ ಗೆಳತಿಯನ್ನು ಕೇಳಿದರೆ, "ಅವ್ಳ ಬದನಗುಪ್ಪಗ ಕಳಿಸ್ತರಂತ ಮಿಸ್, ಅವ್ರತ್ತ ಮನಗ. ಅಲ್ಲೇ ಇಸ್ಕೂಲ್ಗ ಸೇರಿಸ್ತರಂತ," ಎಂದಳು. ಆ ಅತ್ತೆ ಚಾಮರಾಜನಗರದ ಹತ್ತಿರದ ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ದಿನವಿಡೀ ಮನೆಯಲ್ಲಿರುವುದಿಲ್ಲ. ಎಂಟು ವರ್ಷದ ಮಗು ಅವ್ವ ಅಪ್ಪನನ್ನು ಬಿಟ್ಟು ಬೀಗ ಹಾಕಿದ ಮನೆಯ ಮುಂದೆ ಸಂಜೆ ಕಳೆಯುವುದು ನನ್ನ ಕಣ್ಣಿಗೆ ಕಟ್ಟಿತು. ಶಾಲೆ ಬಿಟ್ಟ ಮೇಲೆ ಅವರ ಕೇರಿಗೆ ಹೊರಟೆ.

ಅವನು ಜಗಲಿಯ ಮೇಲಿದ್ದ. ನನ್ನನ್ನು ಕಂಡು ಎದ್ದು ನಿಂತ. ಹೆಂಡತಿ ಚಾಪೆ ಹಾಸಿದಳು, ಟೀ ಇಟ್ಟಳು. ಹುಡುಗಿ ಬಾಗಿಲ ಸಂದಿಯಲ್ಲಿ. ಏನು ಕೇಳಿದರೂ ಅವನದು "ಏನಿಲ್ಲ ಬುಡಿ ಮೇಡಮ್ನೋರೆ" ಎನ್ನುವುದನ್ನು ಬಿಟ್ಟು ಇನ್ನೊಂದು ಮಾತಿಲ್ಲ. ಟೀ ಮುಗಿಯುವ ಹೊತ್ತಿಗೆ ಬಾಯಿಬಿಟ್ಟ.

"ನಾನು ಕಣ್ಣಾರ ಕಂಡಿವ್ನಿ. ಅಷ್ಟೂ ಐಕ ಸುತ್ತ ಕೂತವ. ನನ್ ಕೂಸೊಂದೇ ಮೂಲೇಲಿ."

ಅವನು ಏನು ಹೇಳುತ್ತಿದ್ದಾನೆಂದು ನನಗೆ ಆಗಲೂ ಹೊಳೆಯಲಿಲ್ಲ. ಅವನೇ ಮುಂದುವರಿಸಿದ. "ನಮ್ಮಪ್ಪನ ಕಾಲ್ದಲ್ಲಿ ನಮ್ ಕೇರಿಯವ್ರ ಬಾಗ್ಲಿಂದಾಚ ಕೂರುಸ್ತಿದ್ರು. ನನ್ ಕಾಲ್ದಲ್ಲಿ ಒಳೀಕ ಬುಟ್ಕಂಡ್ರು, ಮೂಲೇಲಿ ಕೂರ್ಸುದ್ರು. ಬ್ಯಾರೆ ಊರು, ಬ್ಯಾರೆ ಇಸ್ಕೂಲು, ನಿಮ್ಮದಲ್ಲ. ನಾಕ್ನೇ ಕ್ಲಾಸ್ಗ ಬುಟ್ಬುಟ್ಟೆ. ಈಗ ನನ್ ಕೂಸ್ಗೂ ಮೂಲೆಯೇನಾ?"

ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ನನ್ನ ತರಗತಿಯ ಅತ್ಯಂತ ಚುರುಕಾದ ಹುಡುಗಿಯನ್ನು ನಾನು ದೂರ ಕೂರಿಸುತ್ತೇನೆಯೇ, ನನ್ನ ಬಗ್ಗೆ ಈ ಮಾತೇ ಎಂದು ಮೈ ಉರಿಯಿತು. ಅವನ ಮುಖ ನೋಡಿದ ಮೇಲೆ ಆ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಎರಡು ತಲೆಮಾರು ಪ್ರತ್ಯಕ್ಷ ಕಂಡವನಿಗೆ ಮತ್ತೆ ಪ್ರಮಾಣಿಸಿ ನೋಡು ಎಂದು ಯಾವ ಬಾಯಲ್ಲಿ ಹೇಳುವುದು?

"ನಾಳೆ ಸಂಜೆ ಇಬ್ಬರೂ ಬನ್ನಿ," ಎಂದೆ. "ನೋಡಿದ ಮೇಲೂ ಮನಸ್ಸಿಗೆ ಸರಿ ಬರದಿದ್ದರೆ ಬದನಗುಪ್ಪೆಗೆ ಕಳಿಸಿ, ನಾನು ತಡೆಯಲ್ಲ."

ಬಂದರು. ಕೈಯಲ್ಲಿ ಚೆಂಡು ಹೂವಿನ ವಾಸನೆ ಇನ್ನೂ ಇತ್ತು. ತರಬೇತಿಯಲ್ಲಿ ಕಲಿತ ಮಾತುಗಳನ್ನೆಲ್ಲ ಆ ಸಂಜೆ ಬದಿಗಿಟ್ಟೆ. ಹುಡುಗಿಗೆ, "ನೀನೇ ತೋರಿಸು," ಎಂದೆ. ಅವಳು ಏಣಿಯ ಬುಡದಿಂದ ಶುರು ಮಾಡಿದಳು. ಇಲ್ಲಿದ್ದಾಗ ಮಿಸ್ ಪಕ್ಕ ಕೂರಬೇಕು. ಇದು ಬಂದ ಮೇಲೆ ಗೆಳತಿಯರ ಜೊತೆ. ಇಲ್ಲಿಗೆ ಬಂದರೆ ಯಾರೂ ಹೇಳಿಕೊಡಬಾರದು, ಒಬ್ಬಳೇ. "ಈ ವಾರ ಇಲ್ಗಂಟ ಬಂದವ್ಳು ನಾನೊಬ್ಳೇ ಕಣಪ್ಪ," ಎಂದು ಕಾಲ ತುದಿಯ ಮೇಲೆ ನಿಂತು ಬೆರಳಿಟ್ಟಳು. ಒಂದು ಕಾರ್ಡು ತೆಗೆದು ಅದರಲ್ಲಿದ್ದ ಆಮೆಯ ಕತೆಯನ್ನು ತಡವರಿಸದೆ ಓದಿದಳು. ಅವ್ವನ ಕಣ್ಣು ತುಂಬಿತು. ಅಪ್ಪ ಏಣಿಯನ್ನೇ ಕೆಳಗಿನಿಂದ ಮೇಲಿನವರೆಗೆ ಎರಡೆರಡು ಸಲ ನೋಡಿದ.

"ಅಂದ್ರ ಮೇಡಮ್ನೋರೆ, ಮೇಲಕ್ಕೋದಷ್ಟೂ ಒಬ್ರೇನಾ?"

ಹೌದು ಎನ್ನಬೇಕಿತ್ತು. ನಮ್ಮ ಮನೆಯಲ್ಲಿ ಹೆಚ್ಚು ಓದಿದವಳು ನಾನು. ಅಷ್ಟು ಓದಿ ನಾನು ತಲುಪಿದ ಮಹಡಿಯ ಕೋಣೆ, ಮುಚ್ಚಿಟ್ಟ ನಿನ್ನೆಯ ಸಾರು, ಎಲ್ಲ ಒಮ್ಮೆಗೇ ಎದುರಿಗೆ ಬಂದು ನಿಂತವು. ಕಡೆಗೆ ಹುಡುಗಿಯೇ "ಊಂ ಕಣಪ್ಪ" ಎಂದಳು.

ಅವನು ಕೈ ಮುಗಿದ. "ಗೊತ್ತಾಯ್ತು. ನೀವ್ ಮಾಡಿರದು ಸರಿಯೇ, ನಾನೇ ತೆಪ್ಪು ತಿಳ್ಕಂಡೆ. ಆದ್ರೂವ ಒಂಟಿ ಕೂರುಸ್ಬ್ಯಾಡಿ. ಎಲ್ಡಕ್ಸರ ಕಮ್ಮಿ ಕಲೀಲಿ, ಜತೇಲಿ ಕಲೀಲಿ. ಅದ ನೋಡುದ್ರ ನನ್ಗ ತಡ್ಕಳಕ್ಕಾಗಲ್ಲ."

ಅರ್ಥವಾಗದವರಿಗೆ ಅರ್ಥ ಮಾಡಿಸುವುದು ನನಗೆ ಗೊತ್ತು. ಅರ್ಥವಾದ ಮೇಲೂ ಬೇಡ ಎನ್ನುವವರನ್ನು ಏನು ಮಾಡುವುದು? ಒಪ್ಪದಿದ್ದರೆ ಹುಡುಗಿ ಬದನಗುಪ್ಪೆಗೆ ಹೋಗುವುದು ಖಂಡಿತ. ಆಗಲಿ ಎಂದುಬಿಟ್ಟೆ. ಬಸ್ಸಿನಲ್ಲಿ ಕೂತಾಗ, ನಾನು ಸೋತೆನೋ ಗೆದ್ದೆನೋ ಎಂದು ಯಾರನ್ನಾದರೂ ಕೇಳಬೇಕೆನಿಸಿತು. ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದೆ. ಗ್ಯಾಸಿನವನು, ಬ್ಯಾಂಕು, ಹೆಡ್‌ಮಾಸ್ಟರು, ಅಣ್ಣ. ಗುಂಡ್ಲುಪೇಟೆ ಬಂತು, ಫೋನು ಬ್ಯಾಗಿಗೆ ಹಾಕಿಕೊಂಡು ಇಳಿದೆ.

ಮರುದಿನ ಹುಡುಗಿ ಎಲ್ಲರಿಗಿಂತ ಮೊದಲೇ ಬಂದು ಕಾರ್ಡು ಹಿಡಿದು ಮೂಲೆಯಲ್ಲಿ ಕೂತಿದ್ದಳು. ನಾನು ಅವಳನ್ನು ಕರೆದು ಗೆಳತಿಯರ ಗುಂಪಿನಲ್ಲಿ ಕೂರಿಸಿದೆ. ಅವಳು ಕಾರ್ಡನ್ನು ಲಂಗದ ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಎದ್ದು ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ನಾನು ದಡ್ಡಿ ಆಗ್ಬುಟ್ನಾ ಮಿಸ್?" ಎಂದು ಕೇಳಿದಳು.

"ಇಲ್ಲ ಮಗ. ನಿಮ್ಮಪ್ಪ ಹೇಳಿದ್ದಕ್ಕೆ ಕೂರಿಸಿದೆ."

ಅವಳು ನಂಬಲಿಲ್ಲ. ಏಣಿಯಲ್ಲಿ ಕೆಳಗಿಳಿಸಿದರೆ ಅದಕ್ಕೇನು ಅರ್ಥವೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ದಿನ ಅವಳು ಒಂದಕ್ಷರ ಓದಲಿಲ್ಲ. ಮಧ್ಯಾಹ್ನದ ಊಟದ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ನನಗೆ ಎರಡೂ ಬಾರದು ಎಂದು ನನ್ನನ್ನು ನಾನೇ ಬೈದುಕೊಂಡೆ.

ಅದರ ಮರುದಿನ ಬೆಳಿಗ್ಗೆ, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅಪ್ಪ ಬಂದ. ಮಗಳು ಮುಂದೆ, ಅವನು ಹಿಂದೆ. ಯಾರು ಯಾರನ್ನು ಕರೆತಂದರೆಂದು ನೋಡಿದರೇ ತಿಳಿಯುತ್ತಿತ್ತು.

"ರಾತ್ರ ಉಣ್ಲಿಲ್ಲ ಮೇಡಮ್ನೋರೆ. ನೀನೇ ನನ್ನ ದಡ್ಡಿ ಮಾಡ್ಬುಟ್ಟೆ ಅಂತ ನನ್ನೇ ಬೈತಳ." ನಗಲು ನೋಡಿದ, ಆಗಲಿಲ್ಲ. "ಎಲ್ಲಿದ್ಲೋ ಅಲ್ಲೇ ಕೂರ್ಸಿ. ಬದನಗುಪ್ಪ ಗಿದನಗುಪ್ಪ ಏನೂ ಬ್ಯಾಡ. ನನ್ ಸಂಕ್ಟ ನನ್ಗಿರ್ಲಿ."

ಅವನು ಹೇಳಿ ಮುಗಿಸುವ ಮೊದಲೇ ಹುಡುಗಿ ಟ್ರೇಗೆ ಕೈ ಹಾಕಿ ಕಾರ್ಡು ತೆಗೆದುಕೊಂಡು ಹೋಗಿ ಮೂಲೆಯಲ್ಲಿ ಕೂತಾಗಿತ್ತು. ನಾನು ಚಿಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡೆ. ಹಾಡಿನ ಮಧ್ಯೆ ತಲೆಯೆತ್ತಿದರೆ ಅವನು ಇನ್ನೂ ಹೋಗಿರಲಿಲ್ಲ. ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದ. ಎದ್ದು ಹೋಗಿ, "ಹೂ ಕುಯ್ಯೋಕೆ ಹೊತ್ತಾಗಲ್ವಾ?" ಎಂದೆ.

"ಓಯ್ತಿನಿ ಮೇಡಮ್ನೋರೆ. ಅದೊಂದು ಕಾಲ್ಡು ಮುಗುಸ್ಬುಡ್ಲಿ."

ಅವಳು ಬೆರಳಿಟ್ಟು ಓದುತ್ತಿದ್ದಳು, ತುಟಿ ಅಲುಗುತ್ತಿತ್ತು. ಒಮ್ಮೆಯೂ ಮೇಲೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಅಪ್ಪ ಅಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವನು ಕಣ್ಣೊರೆಸಿಕೊಳ್ಳುತ್ತಾ ನಿಂತೇ ಇದ್ದ. ಐವತ್ತರ ಹತ್ತಿರ ಬಂದ ನನಗೆ ಆ ಗಳಿಗೆ ಎಂಟು ವರ್ಷದ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು. ಒಬ್ಬಳೇ ಕೂರುವುದನ್ನು ನಾನೂ ಕಲಿತಿದ್ದೇನೆ, ಚೆನ್ನಾಗಿಯೇ ಕಲಿತಿದ್ದೇನೆ. ನಾನು ಕಲಿಯುವಾಗ ಕಿಟಕಿಯಲ್ಲಿ ಯಾರೂ ನಿಂತಿರಲಿಲ್ಲ.